ರೊಟ್ಟಿ ಶೆಡ್ಡಿನ ವೈರು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ದಿನಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಲೇಬೇಕಾದ ಜನರ ಸಂಗತಿ ಇದು. ಪೂರ್ತಿ ಬಲ್ಲವರು ಹೇಳಬೇಕಾದ್ದನ್ನು ಅಷ್ಟಿಷ್ಟು ತಿಳಿದವರು ಹೇಳಿದರೆ ತಪ್ಪು ನುಸುಳಬಹುದು. ನುಸುಳಿದ್ದರೆ ಓದುವವರು ಮನ್ನಿಸಬೇಕು. ಹೇಳದೆ ಬಿಟ್ಟರೆ ಚಂದ್ರಕ್ಕನ ಮೇಲೆ ಬಂದ ಮಾತು ಹಾಗೆಯೇ ಉಳಿದುಬಿಡುತ್ತದೆ ಎಂಬ ಅಂಜಿಕೆಯೇ ಇಷ್ಟು ಧೈರ್ಯ ಕೊಟ್ಟಿದ್ದು.

ಶ್ರೀರಾಂಪುರದ ಜಯಕುಮಾರನಿಗೆ ನಲವತ್ತೊಂದು ವರ್ಷ. ಹತ್ತೊಂಬತ್ತು ವರ್ಷದಿಂದ ಮನೆಗಳಿಗೆ ವೈರಿಂಗ್ ಮಾಡಿಕೊಂಡು ಬಂದವನು. ಕೆಲಸ ಕಲಿಸಿದವರು ಹೊಳಲ್ಕೆರೆಯ ಹನುಮಂತಪ್ಪ. ವೈರಿಂಗಿನ ಸರ್ಕಾರಿ ಪರ್ಮಿಟ್ಟು ಇದ್ದದ್ದು ಹನುಮಂತಪ್ಪನವರಿಗೆ, ಜಯಕುಮಾರನಿಗಲ್ಲ. ಹಾಗಾಗಿ ಒಂದು ರೂಢಿ ಬೆಳೆದಿತ್ತು. ಮನೆಗೆ ಮೀಟರ್ ಬರಬೇಕಾದರೆ ಪರ್ಮಿಟ್ಟಿದ್ದವರ ಸಹಿ ಬೇಕು. ವೈರು ಎಳೆಯುವವನು ಜಯಕುಮಾರ. ಎಳೆದು ಮುಗಿದ ಮೇಲೆ ಕಾಗದ ಹಿಡಿದುಕೊಂಡು ಹೊಳಲ್ಕೆರೆ ಬಸ್ಸು ಹತ್ತುವವನೂ ಅವನೇ. ಹನುಮಂತಪ್ಪನವರು ಕನ್ನಡಕ ಏರಿಸಿಕೊಂಡು, "ಕೈ ಇಟ್ಟು ನೋಡಿದ್ಯೇನೋ?" ಅಂತ ಕೇಳುತ್ತಿದ್ದರು. ಲೋಡು ಹಾಕಿ, ಅಂದರೆ ದೀಪ, ಮಷೀನು ಎಲ್ಲ ಓಡಿಸಿ, ವೈರಿನ ಮೇಲೆ ಕೈ ಇಟ್ಟು, ಬಿಸಿ ಆಗುತ್ತದೋ ಇಲ್ಲವೋ ನೋಡುವುದು ಅವರ ಪರೀಕ್ಷೆ. ಜಯಕುಮಾರ "ನೋಡಿದೀನಿ ಮೇಸ್ತ್ರಿ" ಅಂದರೆ ಸಹಿ ಬೀಳುತ್ತಿತ್ತು. ಕಟ್ಟಡವನ್ನು ಅವರು ನೋಡುತ್ತಿರಲಿಲ್ಲ. ಸುತ್ತಲ ಮೇಸ್ತ್ರಿಗಳು ಮಾಡುತ್ತಿದ್ದದ್ದೂ ಅದೇ. ಅದು ತಪ್ಪು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಈ ವರ್ಷ ಜಯಕುಮಾರ ತಾನೇ ಪರ್ಮಿಟ್ ಪರೀಕ್ಷೆಗೆ ಕೂರಲು ನಿರ್ಧರಿಸಿದ. ಹನುಮಂತಪ್ಪನವರಿಗೆ ಎಪ್ಪತ್ತಾಯಿತು, ಅವರ ಸಹಿ ಇನ್ನೆಷ್ಟು ದಿನ? ಅರ್ಜಿಯ ಜೊತೆ ಅನುಭವದ ಪತ್ರ ಬೇಕಿತ್ತು. 'ನನ್ನ ಮೇಲ್ವಿಚಾರಣೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದಾನೆ' ಎಂದು ಅವರೇ ಬರೆದುಕೊಡಬೇಕು. ಬರೆದುಕೊಡುತ್ತೇನೆ ಅಂದಿದ್ದರು. ಅರ್ಜಿಯನ್ನು ಏಪ್ರಿಲ್ ಇಪ್ಪತ್ತರೊಳಗೆ ಚಿತ್ರದುರ್ಗದ ಕಚೇರಿಗೆ ಮುಟ್ಟಿಸಬೇಕಾಗಿತ್ತು.

ಸಂಜೆ ಆರೂವರೆಗೆ ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಹೊಲಿಗೆ ಅಂಗಡಿಯ ಮಹಡಿಯಲ್ಲಿ ಕ್ಲಾಸು. ಪಾಠ ಹೇಳುವವರು ಸುಚಿತ್ರಾ ಮೇಡಂ, ಡಿಪ್ಲೊಮಾ ಓದಿದವರು. ಕಲಿಯುವ ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಅವರಿಗಿಂತ ದೊಡ್ಡವರು. ಜಯಕುಮಾರನಿಗೆ ಕೈಕೆಲಸದಲ್ಲಿ ಅಂಜಿಕೆ ಇರಲಿಲ್ಲ. ಅಂಜಿಕೆ ಇದ್ದದ್ದು ಯಾವ ವೈರು ಎಷ್ಟು ಕರೆಂಟು ತಾಳುತ್ತದೆ ಎಂಬ ಕೋಷ್ಟಕದ್ದು. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎರಡು ಸಲ ಜಾರಿದವನು. ದಶಾಂಶದ ಚುಕ್ಕಿ ಕಂಡರೆ ಈಗಲೂ ತಡವರಿಸುತ್ತಿದ್ದ.

ಏಪ್ರಿಲ್ ಮೊದಲ ವಾರ ಮೇಡಂ ಒಂದು ಮನೆಲೆಕ್ಕ ಕೊಟ್ಟರು. "ನೀವೇ ವೈರಿಂಗ್ ಮಾಡಿರೋ ಒಂದು ಕಟ್ಟಡ ತಗೊಳ್ಳಿ. ಅಲ್ಲಿನ ಲೋಡು ಬರೀರಿ. ಹಾಕಿರೋ ವೈರು ಅಷ್ಟು ಕರೆಂಟು ತಾಳುತ್ತೋ ಇಲ್ವೋ ಲೆಕ್ಕ ಹಾಕ್ಕೊಂಡು ಬನ್ನಿ."

ಜಯಕುಮಾರ ಮಾಡದಕೆರೆಯ ರೊಟ್ಟಿ ಶೆಡ್ಡನ್ನು ಆರಿಸಿಕೊಂಡ. ಬೇರೆ ನೂರು ಮನೆ ಇದ್ದವು. ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿತ್ತು, ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಆ ಶೆಡ್ಡು ಎರಡು ವರ್ಷದ ಹಿಂದೆ ಸುಟ್ಟುಹೋಗಿತ್ತು. ಮಾಡದಕೆರೆಯ ಹೆಣ್ಣುಮಕ್ಕಳ ಸಂಘದವರು ಅಲ್ಲಿ ಕರೆಂಟಿನ ಮಷೀನು ಇಟ್ಟು ರೊಟ್ಟಿ ಮಾಡಿ ಹೊಸದುರ್ಗಕ್ಕೆ ಕಳಿಸುತ್ತಿದ್ದರು. ಬೀಗ ಹಾಕುವುದು ಪಾಳಿಯ ಮೇಲೆ. ಅವತ್ತಿನ ಪಾಳಿ ಚಂದ್ರಕ್ಕನದು. ಸಂಜೆ ನಾಲ್ಕೂವರೆಗೆ ಬೀಗ ಹಾಕಿಕೊಂಡು ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಹೊಗೆ ಕಂಡಿತು. ಓಡಿಹೋಗಿ ಹಿಟ್ಟಿನ ಮೂಟೆ ಎಳೆಯಲು ಹೋದವಳ ಬಲಗೈ ಬೆಂದಿತು. ಮೂರು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಮಷೀನು ಆರಿಸದೆ ಬಂದಳು, ಹೆಂಚು ಕಾದು ಪಕ್ಕದ ಗೋಣಿಚೀಲಕ್ಕೆ ಹತ್ತಿಕೊಂಡಿತು ಅಂತ ಊರು ಅಂದಿತು. ಚಂದ್ರಕ್ಕ "ಆರಿಸಿದ್ದೆ" ಅಂದಳು. ಮರುದಿನ ಸಂಘದವರೂ ಊರ ಹಿರಿಯರೂ ಸೇರಿದಾಗ ಜಯಕುಮಾರನನ್ನು ಕರೆಸಿ, ವೈರಿಂಗ್ ಸರಿಯಿತ್ತಾ ಅಂತ ಕೇಳಿದರು. ಅವನು ನಿಂತುಕೊಂಡೇ ಹೇಳಿದ್ದ: "ನಾನು ಹಾಕಿರೋದು ಎರಡೂವರೆ ಎಂಎಂ ವೈರು. ಇಪ್ಪತ್ತು ಆಂಪ್ಸ್ ಮ್ಯಾಲೇ ತಾಳ್ತೈತೆ. ಮಷೀನು ಎಳೆಯೋದು ಹದಿಮೂರು. ಇನ್ನೂ ಜಾಗ ಐತೆ ಅದ್ರಾಗೆ."

ಆ ಮಾತಾದ ಮೇಲೆ ಚಂದ್ರಕ್ಕ "ಆರಿಸಿದ್ದೆ" ಅನ್ನುವುದನ್ನು ನಿಲ್ಲಿಸಿದಳು. ಸಂಘದವರು ಅವಳನ್ನು ತೆಗೆದುಹಾಕಲಿಲ್ಲ. ಕೆಲಸಕ್ಕೆ ಕರೆಯುವುದನ್ನು ಬಿಟ್ಟರು, ಅಷ್ಟೆ.

ಲೆಕ್ಕ ಸರಿಬಂದರೆ, ತಾನು ಅವತ್ತು ಹೇಳಿದ್ದು ಸರಿ ಎಂದು ಮೇಡಂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದರೆ, ಎದೆಯೊಳಗೆ ಎರಡು ವರ್ಷದಿಂದ ಕೊರೆಯುತ್ತಿದ್ದದ್ದು ನಿಲ್ಲುತ್ತದೆ ಎಂದುಕೊಂಡಿದ್ದ ಜಯಕುಮಾರ. ಮೂರು ಸಾವಿರ ವ್ಯಾಟನ್ನು ಇನ್ನೂರ ಮೂವತ್ತರಿಂದ ಭಾಗಿಸಿದ. ಹದಿಮೂರು ಬಂತು. ಕೋಷ್ಟಕದಲ್ಲಿ ಎರಡೂವರೆ ಎಂಎಂ ವೈರಿನ ಮುಂದೆ ಇಪ್ಪತ್ನಾಲ್ಕು ಅಂತ ಇತ್ತು. ಇಪ್ಪತ್ನಾಲ್ಕು ದೊಡ್ಡದು, ಹದಿಮೂರು ಚಿಕ್ಕದು. 'ಸಾಕು' ಎಂದು ಬರೆದು ಕೆಳಗೆ ಗೆರೆ ಎಳೆದ.

ಮೇಡಂ ಪುಸ್ತಕ ನೋಡಿ, "ವೈರಿನ ಪೈಪು ಎಲ್ಲಿ ಹಾದುಹೋಗುತ್ತೆ?" ಅಂದರು.

"ಚಾವಣಿ ಶೀಟಿನ ಕೆಳಗೆ ಮೇಡಂ. ಶೀಟಿಗೆ ಅಂಟಿಕೊಂಡಂಗೇ."

"ಒಂದು ಪೈಪಲ್ಲಿ ಎಷ್ಟು ಸರ್ಕ್ಯೂಟು?"

ಜಯಕುಮಾರ ಮನಸ್ಸಿನಲ್ಲೇ ಎಣಿಸಿದ. ಮಷೀನಿನದು, ಹಿಟ್ಟು ಕಲಸುವ ಯಂತ್ರದ್ದು, ಫ್ಯಾನಿನದು, ದೀಪದ್ದು. ನಾಲ್ಕಕ್ಕೂ ಬೇರೆ ಬೇರೆ ಪೈಪು ಹಾಕಬೇಕೆಂದಿದ್ದ. ಸಂಘದವರು ತಂದುಕೊಟ್ಟ ಪೈಪು ಸಾಲಲಿಲ್ಲ. ಅವತ್ತು ಶನಿವಾರ ಮಧ್ಯಾಹ್ನ. ಸೋಮವಾರ ಬೆಳಿಗ್ಗೆ ಶೆಡ್ಡು ತೆರೆಯುವ ಪೂಜೆ ಇಟ್ಟುಕೊಂಡಿದ್ದರು. ನಾಲ್ಕನ್ನೂ ಒಂದರಲ್ಲೇ ತೂರಿಸಿದ್ದ.

"ನಾಕು."

"ಹಾಗಾದ್ರೆ ಇಪ್ಪತ್ನಾಲ್ಕು ನಿಮ್ಮದಲ್ಲ, ಜಯಕುಮಾರ್. ಒಂದೇ ಸರ್ಕ್ಯೂಟು ಇದ್ದು, ಸುತ್ತಲಿನ ಗಾಳಿ ಮೂವತ್ತು ಡಿಗ್ರಿ ಇದ್ರೆ ಮಾತ್ರ ಇಪ್ಪತ್ನಾಲ್ಕು. ಶೀಟಿನ ಕೆಳಗೆ ಏಪ್ರಿಲಲ್ಲಿ ಐವತ್ತು ಅಂತ ಇಟ್ಕೊಳ್ಳಿ. ಅದಕ್ಕೆ ಸೊನ್ನೆ ಪಾಯಿಂಟ್ ಏಳು ಒಂದರಿಂದ ಗುಣಿಸಿ. ನಾಲ್ಕು ಸರ್ಕ್ಯೂಟು ಒಟ್ಟಿಗೆ ಇದ್ರೆ ಒಂದರ ಬಿಸಿ ಇನ್ನೊಂದಕ್ಕೆ ತಾಗುತ್ತೆ. ಅದಕ್ಕೆ ಸೊನ್ನೆ ಪಾಯಿಂಟ್ ಆರು ಐದು. ಅದರಿಂದಲೂ ಗುಣಿಸಿ."

ಗುಣಿಸಿದ. ಮೊದಲು ಹದಿನೇಳು ಬಂತು. ಆಮೇಲೆ ಹನ್ನೊಂದು.

ಇನ್ನೊಂದು ಸಲ ಗುಣಿಸಿದ. ಹನ್ನೊಂದೇ ಬಂತು.

ಮೇಡಂ ಬಗ್ಗಿ, 'ಸಾಕು' ಅನ್ನುವುದನ್ನು ಹೊಡೆದುಹಾಕಿ, 'ಸಾಲದು. 4 ಎಂಎಂ ಬೇಕು' ಎಂದು ಬರೆದರು. ಪಕ್ಕದಲ್ಲಿ ಕುಳಿತಿದ್ದ ಮೊಬೈಲ್ ಅಂಗಡಿಯ ವಿನೋದ್ ಇಣುಕಿ ನೋಡಿ, "ಏನ್ ಜಯಣ್ಣ, ಮಕ ಹಿಂಗ್ ಮಾಡ್ಕಂಡೆ? ಪುಸ್ತಕದಾಗೆ ತಾನೆ ಸುಡೋದು, ಬಿಡು!" ಅಂದ. ಉಳಿದವರೂ ನಕ್ಕರು. ಮಾಡದಕೆರೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ.

ಐವತ್ತು ಡಿಗ್ರಿ ಅನ್ನುವುದು ಮೇಡಂ ಬಾಯಿಗೆ ಬಂದಂತೆ ಹೇಳಿದ್ದಿರಬಹುದು ಎಂದು ಜಯಕುಮಾರ ತನಗೆ ತಾನೇ ಹೇಳಿಕೊಂಡ. ಅಷ್ಟು ಎಲ್ಲಿರುತ್ತದೆ? ಭಾನುವಾರ ಹಿರಿಯೂರು ಬಸ್ಸು ಹತ್ತಿದ. ಅವನ ತಂಗಿ ಯಮುನಾಳ ಗಂಡ ಕರಿಯಣ್ಣ ಬಬ್ಬೂರಿನ ಕೃಷಿ ಫಾರಂನಲ್ಲಿ ಕೂಲಿ ಕೆಲಸದವನು. ಗಾಳಿಯ ಬಿಸಿ ಅಳೆಯುವ ಥರ್ಮಾಮೀಟರು ಬೇಕು ಅಂದಾಗ ಕರಿಯಣ್ಣ ಸಾಹೇಬರನ್ನು ಕೇಳಿ ಒಂದು ಹಳೆಯದನ್ನು ಟವೆಲ್ಲಿನಲ್ಲಿ ಸುತ್ತಿಕೊಟ್ಟ. "ಭಾವ, ಕೂಸು ಎತ್ಕಂಡಂಗೆ ಎತ್ಕಂಡ್ಹೋಗು. ಒಡೆದ್ರೆ ನನ್ನ ಕೆಲ್ಸ ಹೋಗ್ತೈತೆ," ಅಂದ. ಬಸ್ಸಿನಲ್ಲಿ ಜಯಕುಮಾರ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ನಲವತ್ತು ಬರಲಿ, ನಲವತ್ತೇ ಬರಲಿ, ಅಂತ ಅಂದುಕೊಳ್ಳುತ್ತ ಬಂದ. ನಲವತ್ತಾದರೆ ಉತ್ತರ ಹದಿಮೂರನ್ನು ದಾಟುತ್ತಿತ್ತು.

ಮಾಡದಕೆರೆಯ ಶೆಡ್ಡು ಅರ್ಧ ಉಳಿದಿತ್ತು. ಈಗ ಅಲ್ಲಿ ಸೌದೆ ತುಂಬಿದ್ದರು. ಸಂಘದವರು ಹೊಸ ಮಷೀನನ್ನು ಅಧ್ಯಕ್ಷೆ ದಾಕ್ಷಾಯಣಮ್ಮನ ಮನೆಯ ಆರ್‌ಸಿಸಿ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಸುಡದೆ ಉಳಿದ ಶೀಟಿನ ಕೆಳಗೆ, ಹಳೆಯ ಪೈಪು ಇದ್ದ ಎತ್ತರಕ್ಕೇ, ಮಧ್ಯಾಹ್ನ ಎರಡಕ್ಕೆ ಜಯಕುಮಾರ ಥರ್ಮಾಮೀಟರು ತೂಗುಹಾಕಿದ. ಹೊರಗೆ ಮರದ ನೆರಳಲ್ಲಿ ಕೂತಿದ್ದ ಸಂಘದ ಹೆಂಗಸರಿಗೆ ತಮಾಷೆ.

"ಏನಪ್ಪ ಜಯಣ್ಣ, ಶೀಟಿಗೆ ಜ್ವರ ಬಂದೈತಾ?" ಅಂದಳು ಓಬಮ್ಮ.

"ಮಾತ್ರೆ ನುಂಗಿಸಪ್ಪ, ಬೆಳಗೆದ್ರೆ ಇಳೀತೈತೆ," ಅಂದಳು ಇನ್ನೊಬ್ಬಳು.

ಜಯಕುಮಾರ ನಗಲು ಹೋದ. ಕಾಲು ಗಂಟೆ ಬಿಟ್ಟು ಏಣಿ ಹತ್ತಿ ನೋಡಿದ. ಐವತ್ತಕ್ಕೆ ಅರ್ಧ ಗೆರೆ ಕಡಿಮೆ.

ಏಣಿಯ ಮೇಲೆ ನಿಂತಲ್ಲೇ ಅವನಿಗೆ ಇನ್ನೊಂದು ನೆನಪಾಯಿತು. ಪೂಜೆಯ ದಿನ ಅವನು ಕೈ ಇಟ್ಟು ನೋಡಿದ್ದು ಬೆಳಿಗ್ಗೆ ಎಂಟಕ್ಕೆ. ಶೀಟು ತಣ್ಣಗಿತ್ತು, ಶಾಸ್ತ್ರಕ್ಕೆಂದು ನಾಲ್ಕು ರೊಟ್ಟಿ ಮಾಡಿ ಮಷೀನು ಆರಿಸಿದ್ದರು. ವೈರು ಬೆಚ್ಚಗೂ ಆಗಿರಲಿಲ್ಲ. ಆದರೆ ಈ ಹೆಂಗಸರು ಬೆಳಿಗ್ಗೆ ಹೊಲಕ್ಕೆ ಕೂಲಿ ಹೋಗುವವರು. ಮಷೀನು ಹಾಕುತ್ತಿದ್ದದ್ದು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನಿಗೆ ಹೊಳೆದಿರಲಿಲ್ಲ.

ಮರುದಿನ ಕ್ಲಾಸು ಮುಗಿದ ಮೇಲೆ ಮೇಡಂ ಹತ್ತಿರ ಎಲ್ಲವನ್ನೂ ಹೇಳಿದ. ಅವರು ಪುಸ್ತಕ ತೆರೆದು ಲೆಕ್ಕವನ್ನು ಇನ್ನೊಮ್ಮೆ ನೋಡಿದರು.

"ಹಾಗಾದ್ರೆ ವೈರಿಂದಲೇ ಸುಟ್ಟಿದ್ದಾ ಮೇಡಂ?"

"ಹಾಗೆ ಹೇಳಕ್ಕಾಗಲ್ಲ. ಹನ್ನೊಂದಕ್ಕೂ ಹದಿಮೂರಕ್ಕೂ ದೂರ ಹೆಚ್ಚಿಲ್ಲ. ಹದಿಮೂರು ಹೋದ ತಕ್ಷಣ ಬೆಂಕಿ ಹತ್ತಲ್ಲ. ಆದ್ರೆ ದಿನಾ ನಾಲ್ಕು ಗಂಟೆ ಹಾಗೇ ಕಾದ್ರೆ ವೈರಿನ ಹೊದಿಕೆ ನಿಧಾನಕ್ಕೆ ಕೆಡುತ್ತೆ. ಒಂದು ದಿನ ಎರಡು ತಾಮ್ರ ಮುಟ್ಟಿಕೊಳ್ಳಬಹುದು. ಮಷೀನು ಆರಿಸಿದ್ರೂ ಸ್ವಿಚ್ಚಿನ ತನಕ ಕರೆಂಟು ಇದ್ದೇ ಇರುತ್ತಲ್ವಾ? ಆಗಿರಬಹುದು. ಆಗೇ ಇದೆ ಅಂತ ನಾನು ಹೇಳಲಾರೆ."

"ಆರಿಸದೆ ಬಂದಿದ್ರೆ?"

"ಹೆಂಚಿನಿಂದಲೂ ಆಗಿರಬಹುದು." ಮೇಡಂ ಪುಸ್ತಕ ಮುಚ್ಚಿ ಅಂದರು, "ನೀವು ಅವತ್ತು ಹೇಳಿದ ಮಾತು ಮಾತ್ರ ತಪ್ಪು, ಜಯಕುಮಾರ್. ಇನ್ನೂ ಜಾಗ ಇದೆ ಅಂದಿದ್ದು. ಜಾಗ ಇರಲಿಲ್ಲ."

ಹದಿನೆಂಟನೇ ತಾರೀಕು ಅವನು ಹೊಳಲ್ಕೆರೆಗೆ ಹೋದ. ಹನುಮಂತಪ್ಪನವರ ಮನೆ ಬಾಗಿಲು ತೆರೆದೇ ಇತ್ತು. "ಬಾರಪ್ಪ, ಕುಂತ್ಕ. ನಿನ್ನ ಕಾಗ್ದ ರೆಡಿ ಐತೆ," ಎಂದು ಅವರು ಅಲಮಾರದಿಂದ ಪತ್ರ ತೆಗೆದು ಚಾಪೆಯ ಮೇಲೆ ಇಟ್ಟರು. ಟೈಪು ಮಾಡಿಸಿ ಸಹಿ ಹಾಕಿದ್ದರು. ಅದನ್ನು ಎತ್ತಿಕೊಂಡು ಹೊರಟುಬಿಡಬಹುದಾಗಿತ್ತು. ಎತ್ತಿಕೊಂಡಿದ್ದರೆ ಅವರಿಗೂ ನೆಮ್ಮದಿ, ಅವನಿಗೂ. ಆದರೆ ಜಯಕುಮಾರನ ಬಾಯಿಂದ ಮೊದಲು ಬಂದದ್ದು ಹನ್ನೊಂದು ಅನ್ನುವ ಸಂಖ್ಯೆ. ಅದು ಬಂದ ಮೇಲೆ ಉಳಿದದ್ದೂ ಬಂತು.

ಮುಗಿದ ಮೇಲೆ ಹನುಮಂತಪ್ಪನವರು, "ಕೈ ಇಟ್ಟು ನೋಡಿರಲಿಲ್ವೇನೋ?" ಅಂದರು.

"ನೋಡಿದ್ದೆ ಮೇಸ್ತ್ರಿ. ಬೆಳಿಗ್ಗೆ ಎಂಟಕ್ಕೆ."

"ಎಂಟಕ್ಕೆ," ಅಂದರು ಅವರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

"ಈಗ ಏನ್ ಮಾಡ್ತೀಯ?"

"ಚಂದ್ರಕ್ಕಂಗೆ ಹೇಳ್ಬೇಕು. ಸಂಘದಾಗೂ ಹೇಳ್ಬೇಕು. ಅವತ್ತು ಹತ್ತು ಜನದ ಮುಂದೆ ಹೇಳಿದ್ನಲ್ಲ."

"ಅಲ್ಲಲೇ, ಆ ಶೆಡ್ಡಿನ ವೈರಿಂಗ್ ರಿಪೋರ್ಟಿನ ಮ್ಯಾಲೆ ಇರೋದು ಯಾರ ಸಹಿ?"

"ನಿಮ್ಮದೇ ಮೇಸ್ತ್ರಿ."

"ನಲವತ್ತು ವರ್ಷ ಸಹಿ ಮಾಡಿದೀನಿ. ಒಬ್ಬರೂ ಬಂದು ಬಾಗಿಲು ಬಡಿದಿಲ್ಲ. ಇವಾಗ ಬಡೀತಾರೆ." ಹನುಮಂತಪ್ಪನವರ ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು. "ಪರೀಕ್ಷೆ ಬರಿ. ಪರ್ಮಿಟ್ ಕೈಗೆ ಬರ್ಲಿ. ನಾನಿನ್ನು ಎಷ್ಟು ದಿನ ಇರ್ತೀನಿ? ಆಮ್ಯಾಲೆ ಹೇಳ್ಕ, ಯಾರು ಬ್ಯಾಡ ಅಂತಾರೆ?"

"ಅಲ್ಲೀಗಂಟ ಆವಮ್ಮ ಹಂಗೇ ಇರ್ಬೇಕಲ್ಲ ಮೇಸ್ತ್ರಿ."

ಹನುಮಂತಪ್ಪನವರು ಚಾಪೆಯ ಮೇಲಿದ್ದ ಪತ್ರವನ್ನು ಎತ್ತಿ ಓದಿದರು, ತಾವೇ ಬರೆಸಿದ್ದನ್ನು ಮೊದಲ ಸಲ ಓದುವವರಂತೆ. "'ನನ್ನ ಮೇಲ್ವಿಚಾರಣೆಯಲ್ಲಿ' ಅಂತ ಐತೆ ಇದ್ರಾಗೆ. ನಿನ್ನ ಒಂದು ಕೆಲ್ಸಾನೂ ನಾನು ನೋಡಿಲ್ಲ ಕಣೋ. ನೀನು ಅಲ್ಲಿ ನಿಜ ಹೇಳಾಕೆ ಹೋದ್ರೆ ಈ ಕಾಗ್ದ ಸುಳ್ಳಾಗ್ತೈತೆ. ಎರಡೂ ಆಗಾಕಿಲ್ಲ." ಪತ್ರವನ್ನು ಎರಡಾಗಿ ಮಡಚಿ ಜೇಬಿಗೆ ಇಟ್ಟುಕೊಂಡರು. ಹರಿಯಲಿಲ್ಲ. "ಊಟ ಮಾಡ್ಕಂಡು ಹೋಗು," ಅಂದರು.

ಜಯಕುಮಾರ ಊಟ ಮಾಡಿಯೇ ಹೊರಟ. ಬೇಡ ಅನ್ನಲು ಅವನಿಂದ ಆಗಲಿಲ್ಲ.

ಅಲ್ಲಿಂದ ಮಾಡದಕೆರೆಗೆ ಬಂದಾಗ ಚಂದ್ರಕ್ಕ ಮನೆಯ ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಳು. ಐವತ್ತರ ಹೆಂಗಸು. ಬಲಗೈಯ ಬೆರಳು ಕೇಳದಿದ್ದರಿಂದ ಹಣ್ಣನ್ನು ಪಾದದ ಕೆಳಗೆ ಒತ್ತಿಹಿಡಿದು ಎಡಗೈಯಲ್ಲಿ ಬೀಜ ತೆಗೆಯುತ್ತಿದ್ದಳು. ಜಯಕುಮಾರ ಎದುರಿಗೆ ಕುಳಿತು, ಹೇಗೆ ಶುರುಮಾಡಬೇಕೆಂದು ತಿಳಿಯದೆ, ಪುಸ್ತಕವನ್ನೇ ತೆರೆದು ತೋರಿಸಿದ. ಅವಳಿಗೆ ಓದಲು ಬರುತ್ತಿರಲಿಲ್ಲ. ಆಮೇಲೆ ಬಾಯಲ್ಲಿ ಹೇಳಿದ: ಶೀಟಿನ ಬಿಸಿ, ಒಂದೇ ಪೈಪಿನಲ್ಲಿ ತುರುಕಿದ ಎಂಟು ವೈರು, ಬೆಳಿಗ್ಗೆ ಎಂಟರ ಪರೀಕ್ಷೆ. "ನಾನು ಅವತ್ತು ಹೇಳಿದ್ದು ತಪ್ಪು ಚಂದ್ರಕ್ಕ," ಅಂದ.

ಚಂದ್ರಕ್ಕನ ಕೈ ನಿಂತಿತು. "ಹಂಗಾರೆ ನಾನು ಆರಿಸಿದ್ನಾ?"

ಈ ಪ್ರಶ್ನೆಗೆ ಜಯಕುಮಾರ ತಯಾರಾಗಿರಲಿಲ್ಲ. ಅವಳು ಬೈಯಬಹುದು, ಅಳಬಹುದು ಅಂದುಕೊಂಡಿದ್ದ.

"ನೀನೇ ಹೇಳಿದ್ಯಲ್ಲಕ್ಕ, ಆರಿಸಿದ್ದೆ ಅಂತ."

"ಹೇಳಿದ್ದೆ ಕಣಪ್ಪ. ನೀನು ಇಪ್ಪತ್ತು, ಹದಿಮೂರು ಅಂತ ಲೆಕ್ಕ ಹೇಳಿದ ಮ್ಯಾಲೆ ನನಗೇ ಅನುಮಾನ ಬಂತು. ಓದಿದವನು ಹೇಳ್ತಾನೆ, ಇರ್ಬೇಕು ಅನ್ಕಂಡೆ. ಅವತ್ತಿಂದ ದಿನಾ ನೆನೆಸ್ಕಂತೀನಿ. ಒಂದಿನ ಆರಿಸಿದಂಗೇ ಕಾಣ್ತೈತೆ, ಸ್ವಿಚ್ಚಿನ ಸದ್ದೂ ಕೇಳ್ತೈತೆ. ಇನ್ನೊಂದಿನ ಬೀಗದ ಕೈ ಒಂದೇ ಕಾಣ್ತೈತೆ." ಅವಳು ಅವನ ಪುಸ್ತಕದ ಕಡೆ ಗಲ್ಲ ಎತ್ತಿ ತೋರಿಸಿದಳು. "ಅದ್ರಾಗೆ ಬರಲ್ವಾ ಅದು?"

"ಬರಲ್ಲಕ್ಕ. ವೈರು ಸಾಲ್ತಿರಲಿಲ್ಲ ಅನ್ನೋದು ಬರ್ತೈತೆ. ನೀನು ಆರಿಸಿದ್ಯೋ ಇಲ್ವೋ ಅನ್ನೋದು ಬರಲ್ಲ."

ಚಂದ್ರಕ್ಕ ಇನ್ನೊಂದು ಹಣ್ಣನ್ನು ಪಾದದ ಕೆಳಗೆ ಒತ್ತಿ ಬೀಜ ತೆಗೆದಳು. ಆಮೇಲೆ, "ಬರೋದಷ್ಟನ್ನ ಅವರ ಮುಂದೆ ಹೇಳ್ತೀಯಾ?" ಅಂದಳು.

ಮರುದಿನ ಸಂಜೆ ಸಂಘದ ಸಭೆಯಲ್ಲಿ ಜಯಕುಮಾರ ಹೇಳಿದ. ಈ ಸಲವೂ ನಿಂತುಕೊಂಡೇ ಹೇಳಿದ. ಚಂದ್ರಕ್ಕ ಬಾಗಿಲ ಹತ್ತಿರ ಕುಳಿತಿದ್ದಳು. ಎರಡು ವರ್ಷದ ಮೇಲೆ ಸಭೆಗೆ ಬಂದಿದ್ದಳು. ದಾಕ್ಷಾಯಣಮ್ಮ ಕೊನೆಯ ತನಕ ಕೇಳಿ, "ಅಲ್ಲಪ್ಪ, ಅವತ್ತು ಇಪ್ಪತ್ತು ಅಂದೆ, ಇವತ್ತು ಹನ್ನೊಂದು ಅಂತೀಯ. ಇನ್ನೆರಡು ವರ್ಷ ಬಿಟ್ಟು ಬಂದು ಎಷ್ಟು ಅಂತೀಯ?" ಅಂದಳು. ಕೆಲವರು ನಕ್ಕರು. ಅವಳು ಕೇಳಿದ್ದು ನ್ಯಾಯವಾಗಿತ್ತು.

ಆಗ ಓಬಮ್ಮ ಅಂದಳು: "ಆ ಶೀಟಿನ ಕೆಳಗೆ ಕುಂತು ರೊಟ್ಟಿ ಮಾಡಿದೋರು ನಾವು. ಎಷ್ಟು ಬಿಸಿ ಇತ್ತು ಅಂತ ನಮಗೆ ಗೊತ್ತಿರಲಿಲ್ವಾ? ಗೋಡೆ ಮುಟ್ಟಿದ್ರೆ ಕೈಗೆ ಬೊಬ್ಬೆ ಬರ್ತಿತ್ತು. ಆ ವೈರಿಗೆ ಏನಾಗ್ತಿತ್ತೋ ಅಂತ ಒಬ್ಬರಾದ್ರೂ ಕೇಳಿದ್ವಾ? ಚಂದ್ರಕ್ಕನ್ನ ಮಾತ್ರ ಕೇಳಿದ್ವಿ."

ಒಬ್ಬಳು, "ಆದ್ರೂ ಆರಿಸದೆ ಬಂದಿರ್ಬೋದಲ್ಲ," ಅಂತ ಮೆಲ್ಲಗೆ ಅಂದಳು. "ಬಂದಿರ್ಬೋದು," ಅಂದಳು ಚಂದ್ರಕ್ಕ ಬಾಗಿಲ ಹತ್ತಿರದಿಂದ. ಎಲ್ಲರೂ ಅವಳ ಕಡೆ ತಿರುಗಿದರು. "ಆರಿಸಿಯೂ ಬಂದಿರ್ಬೋದು. ಇಷ್ಟು ದಿನ ಒಂದೇ ಹೇಳ್ತಿದ್ರಿ. ಇನ್ನು ಎರಡೂ ಹೇಳ್ರಿ."

ದಾಕ್ಷಾಯಣಮ್ಮ ಸಂಘದ ಪುಸ್ತಕ ಮುಚ್ಚಿ, "ನಾಳೆ ಹನ್ನೆರಡಕ್ಕೆ ಹಿಟ್ಟು ಕಲಸೋಕೆ ಜನ ಕಮ್ಮಿ ಐತೆ, ಯಾರಾದ್ರೂ ಬರ್ರಿ," ಅಂದಳು. ಯಾರ ಹೆಸರನ್ನೂ ಹೇಳಲಿಲ್ಲ. ಚಂದ್ರಕ್ಕನೂ ಬರುತ್ತೇನೆ ಅನ್ನಲಿಲ್ಲ. ಆದರೆ ಮರುದಿನ ಹನ್ನೆರಡಕ್ಕೆ ಹೋದಳು. ಒಂದೇ ಕೈಯಲ್ಲಿ ಕಲಸಲಾರದೆ ರೊಟ್ಟಿ ಎಣಿಸಿ ಕಟ್ಟುವ ಕೆಲಸಕ್ಕೆ ಕುಳಿತಳು. ಅಷ್ಟಕ್ಕೆ ಎಲ್ಲ ಸರಿಹೋಯಿತು ಅಂತ ಹೇಳುವಂತಿಲ್ಲ. ಅವಳ ಜೊತೆ ಈಗಲೂ ಮಾತಾಡದವರು ಇಬ್ಬರಿದ್ದಾರೆ.

ಇಪ್ಪತ್ತನೇ ತಾರೀಕು ಜಯಕುಮಾರ ಚಿತ್ರದುರ್ಗಕ್ಕೆ ಹೋಗಲಿಲ್ಲ. ಅನುಭವದ ಪತ್ರವಿಲ್ಲದ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕ್ಲಾಸಿಗೆ ಮಾತ್ರ ಹೋಗುತ್ತಿದ್ದಾನೆ. ಪರೀಕ್ಷೆ ಬರೆಯದವನು ಯಾಕೆ ಬರುತ್ತಾನೋ ಎಂದು ವಿನೋದ್ ರೇಗಿಸುತ್ತಾನೆ. ಜಯಕುಮಾರ ತಾನು ವೈರು ಎಳೆದ ಮನೆಗಳನ್ನು ನೆನಪಿನಿಂದ ಒಂದೊಂದಾಗಿ ಬರೆದು ಲೆಕ್ಕ ಹಾಕುತ್ತಿದ್ದಾನೆ. ಮೂವತ್ತೆರಡು ಮುಗಿದಿವೆ. ಸಾಲದು ಅಂತ ಬಂದ ನಾಲ್ಕು ಮನೆಗೆ ಹೋಗಿ ಪೈಪು ಬೇರೆ ಮಾಡಿ ಬಂದಿದ್ದಾನೆ. ಇಬ್ಬರು ಬೈದರು, ಒಬ್ಬರು ಕಾಫಿ ಕೊಟ್ಟರು, ಇನ್ನೊಬ್ಬರ ಮನೆಯಲ್ಲಿ ಯಾರೂ ಇರಲಿಲ್ಲ, ಮತ್ತೆ ಹೋಗಬೇಕಾಯಿತು.

ಅವತ್ತು ಆ ಶೆಡ್ಡಿಗೆ ಬೆಂಕಿ ಹೇಗೆ ಹತ್ತಿತು ಎಂಬುದು ಗೊತ್ತಿಲ್ಲ. ಫ್ಯಾನೂ ಕಲಸುವ ಯಂತ್ರವೂ ಆ ಮಧ್ಯಾಹ್ನ ಎಷ್ಟು ಹೊತ್ತು ಓಡಿದ್ದವು ಅಂತ ಯಾರಿಗೂ ನೆನಪಿಲ್ಲ. ಸುಟ್ಟ ವೈರನ್ನು ಮರುದಿನವೇ ಗುಡಿಸಿ ಹಾಕಿದ್ದರಿಂದ ನೋಡಿ ಹೇಳಲು ಈಗ ಏನೂ ಉಳಿದಿಲ್ಲ. ಚಂದ್ರಕ್ಕ ಮಷೀನು ಆರಿಸಿದ್ದಳೋ ಇಲ್ಲವೋ, ಅದು ಅವಳಿಗೂ ಗೊತ್ತಿಲ್ಲ, ಜಯಕುಮಾರನಿಗೂ ಗೊತ್ತಿಲ್ಲ, ಇದನ್ನು ಇಷ್ಟು ಹೇಳಿದವರಿಗೂ ಗೊತ್ತಿಲ್ಲ.